ಮುಳ್ಳೇಳದ ಎಳ್ಳು

ನನ್ನ ಅಜ್ಜಿಗೆ ಒಂದು ನಂಬಿಕೆ ಇತ್ತು. ಕುಸುರೆಳ್ಳು ಮಾಡುವಾಗ ಕೈ ತಂಪಿದ್ದವರಿಗೆ ಮಾತ್ರ ಎಳ್ಳಿನ ಮೇಲೆ ಸಕ್ಕರೆಯ ಮುಳ್ಳು ಏಳುತ್ತದಂತೆ. ಹೊಟ್ಟೆಕಿಚ್ಚಿನವರು ದಿನವಿಡೀ ಕೈಯಾಡಿಸಿದರೂ ಎಳ್ಳು ನುಣ್ಣಗೇ ಉಳಿಯುತ್ತದಂತೆ. ನಾನು ವಡೋದರಾದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಿರುವವಳು. ಪಾಕ ತೆಳ್ಳಗಿರಬೇಕು, ಉರಿ ಸಣ್ಣಗಿರಬೇಕು, ಗಾಳಿ ಒಣಗಿರಬೇಕು, ಇಷ್ಟಿದ್ದರೆ ಸಕ್ಕರೆ ಹರಳುಗಟ್ಟುತ್ತದೆ, ಯಾರ ಹೊಟ್ಟೆಯಲ್ಲಿ ಏನು ಉರಿಯುತ್ತಿದೆ ಎಂದು ಅದು ವಿಚಾರಿಸುವುದಿಲ್ಲ ಎಂದು ಯಾರಿಗೆ ಬೇಕಾದರೂ ಬಿಡಿಸಿ ಹೇಳಬಲ್ಲೆ. ಲ್ಯಾಬಿನಲ್ಲಿ ನಾನು ಬೆಳೆಸಿದ ಮೈಲುತುತ್ತದ ಹರಳನ್ನು ಕಿಟಕಿಯಲ್ಲಿಟ್ಟು ಜೂನಿಯರುಗಳಿಗೆ ತೋರಿಸುತ್ತಾರೆ. ಆದರೆ ಅವ್ವನ ಪರಾತದಲ್ಲಿ ನನ್ನ ಪಾಲಿನ ಎಳ್ಳಿಗೆ ಇದುವರೆಗೂ ಮುಳ್ಳು ಎದ್ದಿಲ್ಲ. ಎದುರು ಮನೆಯವಳ ಪಾಲಿಗೆ ಏಳುತ್ತದೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಕುಸುರೆಳ್ಳು ನಮ್ಮ ಧಾರವಾಡ ಕಡೆಯ ಸಂಕ್ರಮಣದ ಸಿಹಿ. ಸಣ್ಣ ಉರಿಯ ಮೇಲೆ ಪರಾತ, ಎಂದರೆ ಅಂಚಿರುವ ಅಗಲ ತಟ್ಟೆ, ಇಟ್ಟು, ತೊಳೆದು ಒಣಗಿಸಿದ ಬಿಳಿ ಎಳ್ಳು ಹಾಕಿ, ಚಮಚದಲ್ಲಿ ಇಷ್ಟಿಷ್ಟೇ ಸಕ್ಕರೆ ಪಾಕ ಬಿಡುತ್ತ, ಬೆರಳ ತುದಿಯಿಂದ ತಿರುವುತ್ತ ಕೂರಬೇಕು. ಹೀಗೆ ಹಲವು ಬೆಳಗು ಕೂತರೆ ಒಂದೊಂದು ಎಳ್ಳೂ ದಪ್ಪಗೆ ಬೆಳ್ಳಗಾಗಿ ಮೈತುಂಬ ಮುಳ್ಳು ತಾಳುತ್ತದೆ. ದೊಡ್ಡ ಕಾಳುಗಳನ್ನು ಆರಿಸಿ ದಾರಕ್ಕೆ ಕಟ್ಟಿ ಸರ, ಬಳೆ, ಕಿರೀಟ ಮಾಡುವುದೂ ಉಂಟು. ಅದನ್ನು ಹೊಸ ಮದುಮಗಳಿಗೆ ಇಲ್ಲವೇ ಮೊದಲ ಸಂಕ್ರಮಣ ಕಾಣುವ ಕೂಸಿಗೆ ತೊಡಿಸುತ್ತಾರೆ.

ಅಪ್ಪನನ್ನು ಬ್ಯಾಂಕಿನವರು ಅಹಮದಾಬಾದಿಗೆ ವರ್ಗ ಮಾಡಿದಾಗ ನಾನಿನ್ನೂ ತೊಟ್ಟಿಲಲ್ಲಿದ್ದೆ. ಮಣಿನಗರದಲ್ಲಿ ಮನೆ ಮಾಡಿದೆವು. ರೈಲು ಬಂದರೆ ಕಪಾಟಿನ ಪಾತ್ರೆಗಳೂ ಸಣ್ಣಗೆ ಮಾತಾಡುವಷ್ಟು ಸ್ಟೇಷನ್ ಹತ್ತಿರ. ಎದುರು ಬಾಗಿಲಿನ ಮನೆಯಲ್ಲಿ ನನ್ನದೇ ವಯಸ್ಸಿನ ಗುಜರಾತಿ ಹುಡುಗಿ ಇದ್ದಳು. ಅವಳ ಅಪ್ಪ ಅಮ್ಮ ಇಬ್ಬರೂ ತಮ್ಮ ಬಟ್ಟೆ ಅಂಗಡಿಯಲ್ಲಿ ಕೂರುತ್ತಿದ್ದರಿಂದ ಶಾಲೆ ಬಿಟ್ಟ ಮೇಲೆ ಅವಳು ನೇರ ನಮ್ಮ ಮನೆಗೇ ಬರುತ್ತಿದ್ದಳು. ಅವ್ವನನ್ನು ಮಾಸಿ ಎನ್ನುತ್ತಿದ್ದಳು, ಎಂದರೆ ಚಿಕ್ಕಮ್ಮ. ಅವ್ವ ಅವಳನ್ನು ಬೇಟಾ ಎನ್ನುತ್ತಿದ್ದಳು. ನನ್ನನ್ನು ಏನೆನ್ನುತ್ತಿದ್ದಳೆಂದು ಮುಂದೆ ಹೇಳುತ್ತೇನೆ.

ಜನವರಿ ಬಂತೆಂದರೆ ಇಡೀ ಓಣಿ ಗಾಳಿಪಟಕ್ಕಾಗಿ ಮಾಳಿಗೆ ಹತ್ತುತ್ತಿತ್ತು. ನಾನೂ ಹತ್ತುತ್ತಿದ್ದೆ. ಅವಳು ಮಾತ್ರ ಕೆಳಗೆ ಅಡುಗೆಮನೆಯಲ್ಲಿ ಅವ್ವನ ಎದುರು ಚಕ್ಕಳಮಕ್ಕಳ ಹಾಕಿ ಕೂತು ಎಳ್ಳು ತಿರುವುತ್ತಿದ್ದಳು. ಮೇಲೆ ನನ್ನ ಪಟ ಎಷ್ಟು ಎತ್ತರಕ್ಕೆ ಹೋದರೂ ನನ್ನ ಜೀವವೆಲ್ಲ ಕೆಳಗೇ ಇರುತ್ತಿತ್ತು. ತಡೆಯಲಾರದೆ ಇಳಿದು ಬಂದು ನಾನೂ ಪರಾತದ ಮುಂದೆ ಕೂತರೆ, ಅವಳ ಅಂಚಿನ ಎಳ್ಳು ಮುಳ್ಳೆದ್ದು ಮಿನುಗುತ್ತಿತ್ತು, ನನ್ನ ಅಂಚಿನದು ಔಷಧದ ಗುಳಿಗೆಯ ಹಾಗೆ ನುಣ್ಣಗೆ ಕೂತಿರುತ್ತಿತ್ತು. ಅವ್ವ ತನ್ನ ಹರಕು ಗುಜರಾತಿಯಲ್ಲಿ ಅವಳಿಗೆ, "ಬಹು ಸರಸ್, ಬೇಟಾ" ಎನ್ನುತ್ತಿದ್ದಳು. ಬಹಳ ಚೆನ್ನಾಗಿದೆ ಎಂದು. ನನ್ನ ಕಡೆ ತಿರುಗಿ, "ಅವೇನ ಕೈ ಅದಾವೋ ಕಟಗಿ ಅದಾವೋ? ಹುಚ್ಚಿ, ಹಂಗ ತಿಕ್ಕಿದ್ರ ಎದ್ದದ್ದೂ ಬೀಳತೈತಿ" ಎನ್ನುತ್ತಿದ್ದಳು. ನನಗೆ ಅಳು ಬರುತ್ತಿತ್ತು. ಅಜ್ಜಿ ಹೇಳಿದ್ದು ನಿಜ, ನನ್ನ ಹೊಟ್ಟೆಯೊಳಗಿನದು ಕೈಗೆ ಇಳಿದಿದೆ ಎಂದು ಖಾತ್ರಿಯಾಗುತ್ತಿತ್ತು.

ದೊಡ್ಡವಳಾದ ಮೇಲೆ ನಾನು ಬೇರೆ ದಾರಿ ಹಿಡಿದೆ. ಬೇಡವಾದದ್ದು ಸಿಗದಿದ್ದರೆ ಯಾರೂ ಅಳಬೇಕಿಲ್ಲವಲ್ಲ. ನನಗೆ ವ್ರತ ಬೇಡ, ಉಪವಾಸ ಬೇಡ, ಮದುವೆಯಂತೂ ಸದ್ಯಕ್ಕೆ ಬೇಡವೇ ಬೇಡ ಎಂದುಬಿಟ್ಟೆ. ಅವ್ವ ಪ್ರತಿ ಸಂಕ್ರಮಣಕ್ಕೂ, "ನಿನ್ನ ಲಗ್ನಾದ ಮೊದಲನೇ ವರ್ಷ ಮೈತುಂಬ ಕುಸುರೆಳ್ಳಿನ ಒಡವಿ ಮಾಡಿ ಹಾಕ್ತೀನಿ ನೋಡು" ಎನ್ನುವಾಗ, "ಸಕ್ಕರಿ ಹಾಕ್ಕೊಂಡು ಕುಂತ್ರ ಇರಿವಿ ಮುತ್ತತಾವ" ಎಂದು ನಗುತ್ತಿದ್ದೆ. ಅವ್ವ ಒಂದು ವರ್ಷ ಹಾಗೆ ಹೇಳುವುದನ್ನೇ ಬಿಟ್ಟಳು. ಬಿಟ್ಟದ್ದು ನನ್ನ ಗಮನಕ್ಕೆ ಬಂದದ್ದು ಈ ವರ್ಷ.

ಎದುರು ಮನೆಯವಳಿಗೆ ಸೂರತ್ತಿನ ವರಾಛಾದಲ್ಲಿ ವಜ್ರ ಪಾಲಿಶ್ ಮಾಡುವವರ ಮನೆಗೆ ಮದುವೆಯಾಗಿತ್ತು. ಹೆಣ್ಣುಕೂಸೊಂದು ಹುಟ್ಟಿತ್ತು. ಉತ್ತರಾಯಣದ ರಜೆಗೆ ನಾನು ಹಾಸ್ಟೆಲಿನಿಂದ ಮಣಿನಗರಕ್ಕೆ ಬಂದಾಗ ಊಟದ ಮೇಜಿನ ಮೇಲೆ ದೊಡ್ಡ ಸ್ಟೀಲ್ ಡಬ್ಬಿ ಇತ್ತು. ಒಳಗೆ ಹತ್ತಿಯ ಮೇಲೆ ಪುಟಾಣಿ ಕಿರೀಟ, ಸರ, ಬಳೆ, ಸೊಂಟದ ಪಟ್ಟಿ. ಒಂದೊಂದು ಕಾಳೂ ಮುಳ್ಳುಮುಳ್ಳಾಗಿ ನಿಂತಿತ್ತು.

"ಆಕಿ ಕೂಸಿಗೆ ಹಣ್ಣ ಎರೀತಾರಂತ," ಎಂದಳು ಅವ್ವ. ಮೊದಲ ಸಂಕ್ರಮಣದ ಕೂಸಿನ ತಲೆಯ ಮೇಲೆ ಬೋರೆಹಣ್ಣು ಸುರಿಯುವ ನಮ್ಮ ಕಡೆಯ ಶಾಸ್ತ್ರ ಅದು. "ನಿಮ್ಮಪ್ಪನ ಕಣ್ಣಿನ ಆಪರೇಶನ್ ಬಿಟ್ಟ ನನಗ ಹೋಗಾಕ ಆಗೂದಿಲ್ಲ. ನೀ ಹೆಂಗಿದ್ರೂ ಬರೋಡಾಕ್ಕ ಹೊಂಟೀಯಲ್ಲ, ಒಂದೀಟ ಮುಂದ ಹೋಗಿ ಕೊಟ್ಟ ಬಾ."

ಅವ್ವನ ಲೆಕ್ಕದಲ್ಲಿ ವಡೋದರಾದಿಂದ ರೈಲಿನಲ್ಲಿ ಎರಡು ಗಂಟೆ ದೂರದ ಸೂರತ್ತು ಒಂದೀಟ ಮುಂದೆ. ಅವಳು ಬಲಗೈಯ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಏನಾಯಿತೆಂದು ಕೇಳಿದೆ.

"ಹಿಡಕೊಂಡೈತಿ. ಇದ ಕಡೀದ ನೋಡು. ಇನ್ನ ಮ್ಯಾಲೆ ನನ್ನ ಕೈಲೆ ಆಗೂದಿಲ್ಲ."

ಕಡೆಯದು, ಅದೂ ಅವಳ ಮಗುವಿಗೆ. ನನ್ನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಬೇಡ ಎಂದವಳು ನಾನೇ, ಇರುವೆ ಮುತ್ತುತ್ತದೆ ಎಂದು ನಕ್ಕವಳೂ ನಾನೇ. ಹಾಗಂತ ಒಂದು ಮಾತು ನನ್ನನ್ನು ಕೇಳಬಾರದಿತ್ತೇ ಎಂದು ಎರಡು ದಿನ ಮುಖ ಗಂಟಿಕ್ಕಿಕೊಂಡು ತಿರುಗಿದೆ. ಅವ್ವ ಅಪ್ಪನ ಕಣ್ಣಿಗೆ ಔಷಧ ಬಿಡುವ ಗಡಿಬಿಡಿಯಲ್ಲಿದ್ದಳು, ನನ್ನ ಗಂಟನ್ನು ನೋಡಲಿಲ್ಲ.

ರೈಲಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತೆ. ಪಕ್ಕದ ಹೆಂಗಸು ಏನಿದೆ ಎಂದು ಕೇಳಿದಳು. ಸಿಟ್ಟಿನಲ್ಲಿದ್ದೆನಲ್ಲ, ಒಡವೆ ಎಂದುಬಿಟ್ಟೆ. ಆಕೆ ಗಾಬರಿಯಾಗಿ, ಹೀಗೆಲ್ಲ ಬಾಯಿಬಿಟ್ಟು ಹೇಳುತ್ತಾರೇನು ಎಂದು ಗದರಿ ತನ್ನ ಶಾಲನ್ನೇ ಡಬ್ಬಿಯ ಮೇಲೆ ಹೊದಿಸಿದಳು. ಸೂರತ್ತು ಬರುವವರೆಗೂ ಅವಳು ಅದನ್ನು ಕಾದಳು. ಯಾರಾದರೂ ಕದ್ದುಕೊಂಡು ಹೋದರೆ ಚೆನ್ನಾಗಿತ್ತು ಎಂದು ನಾನು ಅಂದುಕೊಳ್ಳುತ್ತಿದ್ದೆ.

ವರಾಛಾದ ಆ ಮನೆಯಲ್ಲಿ ಹೆಂಗಸರು ತುಂಬಿದ್ದರು. ಅವಳ ಅತ್ತೆ ಮೊದಲು ಇದೇನು ಹೊಸ ಪದ್ಧತಿ ಎಂದಿದ್ದರಂತೆ. ಆಮೇಲೆ, ಮಾತು ತಡವಾದ ಮಕ್ಕಳಿಗಾಗಿ ನಮ್ಮಲ್ಲೂ ಬೋರೆಹಣ್ಣು ತೂರುತ್ತಾರಲ್ಲ, ಇದೂ ಅದರ ಅಕ್ಕತಂಗಿಯೇ ಇರಬೇಕು ಎಂದು ತಾವೇ ಒಪ್ಪಿಕೊಂಡರಂತೆ. ಕೂಸನ್ನು ಮಣೆಯ ಮೇಲೆ ಕೂರಿಸಿ ಕಿರೀಟ ಕಟ್ಟಿದರು, ಬಳೆ ತೊಡಿಸಿದರು. ಬೋರೆಹಣ್ಣು, ಕಬ್ಬಿನ ತುಂಡು, ಚುರುಮುರಿ ತಲೆಯ ಮೇಲಿಂದ ಸುರಿದರು. ಕೂಸು ಬೆಪ್ಪಾಗಿ ನೋಡಿತು. ಅವಳ ಗಂಡ ಉದುರಿದ ಒಂದು ಕಾಳನ್ನು ಎತ್ತಿ, ವಜ್ರ ನೋಡುವ ತನ್ನ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗಿಟ್ಟು ಬಹಳ ಹೊತ್ತು ನೋಡಿದ. ತಾವು ಇಡೀ ದಿನ ಮೂಲೆ ಕಡಿದು ಸಮ ಮಾಡುತ್ತೇವೆ, ಇಲ್ಲಿ ಯಾರೋ ಮೂಲೆಗಳನ್ನು ಬೆಳೆಸಿದ್ದಾರೆ ಎಂದ. ಎಲ್ಲರೂ ಮಾಸಿಯ ಕೈಯನ್ನು ಹೊಗಳಿದರು. ಅದು ನನ್ನ ಅವ್ವನ ಕೈ ಎಂದು ಹೇಳಬೇಕೆನಿಸಿತು. ಹೇಳುವ ಸಂದರ್ಭವೇ ಬರಲಿಲ್ಲ, ಎಲ್ಲರಿಗೂ ಅದು ಗೊತ್ತಿತ್ತು.

ಜನ ಊಟಕ್ಕೆ ಕೂತಾಗ ಅಡುಗೆಮನೆಯಲ್ಲಿ ನಾನೂ ಅವಳೂ ಇಬ್ಬರೇ ಇದ್ದೆವು. ಅವಳು ಪೂರಿ ಕರಿಯುತ್ತಿದ್ದಳು, ನಾನು ಲಟ್ಟಿಸುತ್ತಿದ್ದೆ. ಗುಜರಾತಿಯಲ್ಲಿ, ಅವಳ ಮುಖ ನೋಡದೆ ಹೇಳಿದೆ. "ಅದು ನನಗಾಗಿ ಮಾಡಬೇಕಾಗಿದ್ದ ಒಡವೆ."

"ಗೊತ್ತು," ಎಂದಳು. "ನಾನೇ ಫೋನ್ ಮಾಡಿ ಕೇಳಿದೆ. ಮಾಸಿ ತಾವಾಗಿ ಕೊಡಲಿಲ್ಲ."

"ನಿನಗೆ ಮುಳ್ಳೂ ಏಳುತ್ತದೆ, ಒಡವೆಯೂ ಬರುತ್ತದೆ."

ಅವಳು ಪೂರಿಯನ್ನು ಮಗುಚಿದಳು. "ನಾನು ಒಂದು ಸಲ ಪಾಕ ಹೊತ್ತಿಸಿದ್ದೆ, ನೆನಪಿದೆಯಾ? ಮಾಸಿ, ಪರವಾಗಿಲ್ಲ ಬೇಟಾ ಎಂದು ಆ ಕಹಿಯನ್ನೇ ತಿಂದರು. ಅದೇ ವಾರ ನೀನು ಹಾಲು ಉಕ್ಕಿಸಿದೆ. ಸಂಜೆಯವರೆಗೂ ನಿನಗೆ ಬೈಗುಳ ಬಿತ್ತು. ನಾನು ನಮ್ಮ ಬಾಗಿಲಲ್ಲಿ ಕೂತು ಕೇಳುತ್ತಿದ್ದೆ. ನನಗೆ ಒಂದು ದಿನವಾದರೂ ಬೈದಿದ್ದಾರಾ ಹೇಳು. ಆಮೇಲೆ ಒಂದೆರಡು ಸಲ ಬೇಕೆಂದೇ ಕೆಡಿಸಿದೆ. ಆಗಲೂ ಬಹು ಸರಸ್. ಮನೆಗೆ ಬಂದವರಿಗೆ ಹೇಳುವ ಹಾಗೆ."

ಇಷ್ಟು ವರ್ಷ ನಾನು ಅಳುತ್ತ ನುಂಗಿದ ಬೈಗುಳಕ್ಕೆ ಇವಳು ಬಾಗಿಲಲ್ಲಿ ಕೂತು ಆಸೆಪಟ್ಟಿದ್ದಳೇ? ನನಗೆ ಅವಳ ಮೇಲೆ ಕನಿಕರ ಬರಬೇಕಿತ್ತು. ಬಂದದ್ದು ಖುಷಿ. ನನ್ನ ಹತ್ತಿರ ಇದ್ದದ್ದು ಅವಳ ಹತ್ತಿರ ಇರಲಿಲ್ಲ, ಇನ್ನು ಸಿಗುವುದೂ ಇಲ್ಲ. ಆ ಮನೆಗೆ ಬಂದ ಮೇಲೆ ಮೊದಲ ಸಲ ಹೊಟ್ಟೆ ತಣ್ಣಗಾಯಿತು. ಮುಂದಿನ ಪೂರಿಗಳೆಲ್ಲ ದುಂಡಗೆ ಬಂದವು.

ಅಷ್ಟರಲ್ಲಿ ಅವ್ವನ ವೀಡಿಯೊ ಕಾಲ್ ಬಂತು. ಅವಳು ನನ್ನ ಫೋನನ್ನು ಇಸಿದುಕೊಂಡು ಹೊರಗೆ ಓಡಿದಳು, ನಾನು ಹಿಂದೆ ಹೋದೆ. ಮಣೆಯ ಮೇಲಿದ್ದ ಕೂಸನ್ನು ತೋರಿಸುತ್ತ, ನಗುತ್ತ, ಕೇಮ್ ಲಾಗೆ ಛೆ ಮಾಸಿ, ಹೇಗೆ ಕಾಣುತ್ತಾಳೆ ಎನ್ನುತ್ತಿದ್ದಳು. ಕೂಸು ಬಳೆಯನ್ನು ಚೀಪಿ ಚೀಪಿ ಸಕ್ಕರೆಯೆಲ್ಲ ಕರಗಿಸಿತ್ತು. ದಾರ ಬಿಚ್ಚಿಕೊಂಡು ಬಾಯೊಳಗೆ ಹೋಗುತ್ತಿತ್ತು. ನಾವಿಬ್ಬರೂ ನೋಡಲಿಲ್ಲ. ಮಣಿನಗರದಲ್ಲಿ ಕೂತವಳು ನೋಡಿದಳು.

"ಏ ಹುಚ್ಚಿ, ಕಣ್ಣ ಎಲ್ಲಿಟ್ಟೀ? ಕೂಸಿನ ಬಾಯಾಗ ದಾರ ಹೊಂಟೈತಿ. ತಗೀ ಮೊದ್ಲ."

"ನಾ ಏನ ಮಾಡೇನಿ ಅವ್ವಾ," ಎಂದೆ, ರೂಢಿಯಂತೆ.

"ನಿನಗಲ್ಲ, ಆಕಿಗೆ ಅಂದೆ. ಹಡದಾಕಿಗೆ ಇಷ್ಟೂ ಎಚ್ಚರ ಇರಬಾರದ? ಫೋನ ಹಿಡಕೊಂಡ ಹಲ್ಲ ಕಿಸಕೋತ ನಿಂತಾಳ."

ಅವಳು ಫೋನನ್ನು ನನ್ನ ಕೈಗೆ ತುರುಕಿ ಕೂಸಿನ ಬಾಯಿಂದ ದಾರ ಎಳೆದು ತೆಗೆದಳು. ಏನೂ ಆಗಲಿಲ್ಲ, ಕೂಸು ಬಳೆ ಹೋಯಿತೆಂದು ಅತ್ತಿತು. ಅವ್ವ ಇನ್ನೂ ಬೈಯುತ್ತಲೇ ಇದ್ದಳು, ಅಚ್ಚ ಧಾರವಾಡದ ಮಾತಿನಲ್ಲಿ. ಫೋನ್ ಇಟ್ಟ ಮೇಲೆ ಅವಳು ಕೂಸನ್ನು ಎತ್ತಿಕೊಂಡು ನನ್ನ ಹತ್ತಿರ ಬಂದಳು. ಕಣ್ಣು ತುಂಬಿತ್ತು. ಹೆದರಿಕೆಗೆ ಎಂದುಕೊಂಡೆ.

"ಮಾಸಿ ಏನಂದರು?"

"ಕೂಸಿನ ಕಡೆ ಗಮನ ಇರಲಿ ಅಂದರು. ಅಷ್ಟೆ."

"ಹುಚ್ಚಿ ಅಂದರು," ಎಂದಳು. ತನ್ನ ಗುಜರಾತಿ ನಾಲಿಗೆಯಲ್ಲಿ ಆ ಮಾತನ್ನು ಇನ್ನೊಮ್ಮೆ ಆಡಿ ನೋಡಿದಳು. "ಅದೊಂದು ನನಗೆ ಗೊತ್ತು. ನಿನಗೆ ದಿನಾ ಅನ್ನುತ್ತಿದ್ದರಲ್ಲ." ಅವಳ ಮುಖ ಅರಳಿತ್ತು. ಮದುವೆಯ ಮಂಟಪದಲ್ಲೂ ಅವಳು ಅಷ್ಟು ಚೆಂದ ಕಂಡಿರಲಿಲ್ಲ.

ಅರ್ಧ ಗಂಟೆ ಮಾತ್ರ ನಾನು ಸಿರಿವಂತಳಾಗಿದ್ದೆ. ಈಗ ಅದೂ ಹೋಯಿತು. ಮಧ್ಯಾಹ್ನದ ರೈಲು ಹಿಡಿದು ವಡೋದರಾಕ್ಕೆ ಹೊರಟೆ. ಖಾಲಿ ಡಬ್ಬಿಯಲ್ಲಿ ಹತ್ತಿ ಮಾತ್ರ ಇತ್ತು. ಅವಳ ಮೇಲೆ ಉರಿಯುವುದಕ್ಕೆ ಹೊಸ ಕಾರಣ ಹುಡುಕುತ್ತ ಕೂತವಳಿಗೆ ಅವಳ ಒಂದು ಮಾತೇ ಮತ್ತೆ ಮತ್ತೆ ನೆನಪಾಯಿತು. ಒಡವೆ ಬೇಕೆಂದು ಅವಳು ಬಾಯಿಬಿಟ್ಟು ಕೇಳಿದ್ದಳು. ನಾನು ಒಮ್ಮೆಯೂ ಕೇಳಿರಲಿಲ್ಲ. ಭರೂಚಿನ ಸೇತುವೆ ದಾಟಿದ ಮೇಲೆ ಅವ್ವನಿಗೆ ಫೋನ್ ಮಾಡಿದೆ.

"ಅವ್ವಾ, ನನಗೂ ಒಂದ ಸರ ಬೇಕು."

"ಎಂಥಾ ಸರ?"

"ಕುಸುರೆಳ್ಳಿಂದು. ಲಗ್ನಾ ಗಿಗ್ನಾ ಅಂತ ಕಾಯಬ್ಯಾಡ. ಬರೂ ಸಂಕ್ರಮಣಕ್ಕ ಬೇಕು."

ಆ ಕಡೆ ಕುಕ್ಕರ್ ಕೂಗಿತು. ಅವ್ವ ಗ್ಯಾಸ್ ಆರಿಸಿ ಬಂದಳು.

"ಇಷ್ಟ ವರ್ಷ ಬಾಯಾಗ ಕಡಬ ಇಟಗೊಂಡಿದ್ದೇನು? ನನ್ನ ಕೈ ಹೋದ ಮ್ಯಾಲೆ ಕೇಳ್ತಾಳ ಹುಚ್ಚಿ. ನಾ ಪಾಕ ಬಿಡ್ತೀನಿ, ನೀನ ಕುಂತ ಕೈಯಾಡಸು."

"ನನ್ನ ಕೈಗೆ ಮುಳ್ಳ ಏಳೂದಿಲ್ಲ. ನಿನಗ ಗೊತ್ತೈತಿ. ಯಾಕ ಏಳೂದಿಲ್ಲ ಅಂತನೂ ಗೊತ್ತೈತಿ."

"ಏಳಲಿಲ್ಲಂದ್ರ ನುಣ್ಣಗಿನವ ಹಾಕ್ಕೊ," ಎಂದಳು ಅವ್ವ. "ಕೊರಳಿಗೆ ಚುಚ್ಚೂದರ ತಪ್ಪತೈತಿ."