ಕೈಗೆ ಒಗ್ಗುವ ಕತ್ತರಿ

ಕೋಣನಕುಂಟೆಯ ನಮ್ಮ ಮನೆಯ ದೊಡ್ಡ ಕೈತೋಟಕ್ಕೆ ಒಳ್ಳೆಯ ಗಿಡಕತ್ತರಿ ಬೇಕೆಂದು ಅಂಗಡಿ ಅಂಗಡಿ ತಿರುಗಿದೆ. ಒಂದೊಂದನ್ನೂ ಹಿಡಿದು ನೋಡಿ, ನನ್ನ ಕೈಗೆ ಒಗ್ಗಿದ್ದನ್ನೇ ಆರಿಸಿದೆ. ಆದರೆ ಗಿಡ ಕತ್ತರಿಸುವುದು ನಾನಲ್ಲ, ಒಂಬತ್ತು ವರ್ಷದಿಂದ ತೋಟದ ಕೆಲಸಕ್ಕೆ ಬರುತ್ತಿರುವ ಅಕ್ಕ. ತಿಂಗಳಾದ ಮೇಲೆ ನೋಡಿದರೆ ಅವರ ಎಡ ಅಂಗೈ ತುಂಬ ಬೊಬ್ಬೆ.

"ಎಡಗೈಲಿ ಕತ್ತರಿಸ್ತೀರಾ? ಇದು ಬಲಗೈಯವರ ಕತ್ತರಿ. ಮೊದ್ಲೇ ಹೇಳ್ಬಾರ್ದಾ ಅಕ್ಕ?" ಎಂದು ಅವರ ಮೇಲೆಯೇ ರೇಗಿದೆ.

"ನೀವು ಅಷ್ಟು ಆಸೆಪಟ್ಟು ತಂದಿದ್ರಿ ಸಾರ್. ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ."

ಇಷ್ಟು ವರ್ಷ ಆ ಎಡಗೈ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ನಾನು ಅವರತ್ತ ನೋಡುತ್ತಿದ್ದುದು ದಿನಕ್ಕೊಮ್ಮೆ, ಕಾಫಿ ಲೋಟ ಕೊಡುವಾಗ. ಅದಕ್ಕೆ ಅವರು ಯಾವಾಗಲೂ, ಮರ್ಯಾದೆಗೆಂದು, ಬಲಗೈಯನ್ನೇ ಚಾಚುತ್ತಿದ್ದರು.