ಕೇಸ್ ಪೇಪರಿನಲ್ಲಿ ಬಂದ ಜ್ವರ

ಬೋಧನಾ ಆಸ್ಪತ್ರೆ ಎಂಬುದು ಕರುಣೆಯೂ ಜ್ಞಾನವೂ ಕೂಡಿ ಬಾಳುವ ಪುಣ್ಯಸ್ಥಳ. ನಮ್ಮ ಆಸ್ಪತ್ರೆಯಲ್ಲಿ ಎರಡಕ್ಕೂ ಸೇರಿ ಒಂದೇ ಲಿಫ್ಟು ಇತ್ತು. ಜ್ಞಾನ ಅದರಲ್ಲಿ ಹೋಗುತ್ತಿತ್ತು; ಕರುಣೆ ಮೆಟ್ಟಿಲು ಹತ್ತಿಕೊಂಡು ಬರಲಿ ಎಂದು ಬಿಡಲಾಗಿತ್ತು.

1972ರಲ್ಲಿ ನಾನು ಮುಂಬಯಿಯ ಆ ಆಸ್ಪತ್ರೆಯ ಮೆಡಿಸಿನ್ ವಿಭಾಗದಲ್ಲಿ ರಿಜಿಸ್ಟ್ರಾರ್ ಆಗಿದ್ದೆ. ರಿಜಿಸ್ಟ್ರಾರ್ ಎಂದರೆ ವಾರ್ಡಿನ ಹಿರಿಸೊಸೆ: ದುಡಿತವೆಲ್ಲ ಅವನದು, ಮಾತು ಅತ್ತೆಯದು. ಅತ್ತೆಯ ಸ್ಥಾನದಲ್ಲಿ ಒಬ್ಬ ಆನರರಿ ಇದ್ದರು; ಸ್ವಂತ ಕ್ಲಿನಿಕ್ಕಿನಿಂದ ಬಿಡುವು ಮಾಡಿಕೊಂಡು ಬಂದು ಯೂನಿಟ್ಟನ್ನು ಆಳುವ ದೊಡ್ಡ ಡಾಕ್ಟರು. ಅವರನ್ನು ಚೀಫ್ ಎನ್ನುತ್ತಿದ್ದೆವು. ಇತ್ತೀಚೆಗೆ ಆಸ್ಪತ್ರೆ ತನ್ನ ಚರಿತ್ರೆಯನ್ನು ನುಣುಪು ಹಾಳೆಯಲ್ಲಿ ಅಚ್ಚು ಹಾಕಿಸಿದೆ. ಜಾತಿ, ಮತ, ಭಾಷೆಯ ಭೇದವಿಲ್ಲದ ಸೇವೆಯನ್ನು ಕುರಿತ ಅಧ್ಯಾಯದಲ್ಲಿ ಚೀಫ್ ಅವರ ಪೂರ್ಣಪುಟದ ಫೋಟೋ ಇದೆ. ಹುಸೇನಬಿಯ ಹೆಸರು ಎಲ್ಲಿಯೂ ಇಲ್ಲ.

ಹುಸೇನಬಿ ಬಿಜಾಪುರದ ಕಡೆಯವಳು, ಇಪ್ಪತ್ತಾರು ವರ್ಷ. ಘಾಟ್ಕೋಪರಿನ ಚಾಳೊಂದರಲ್ಲಿ ಮನೆ. ಗಂಡ ಇಮಾಮಸಾಬ ಅರಳೆ ಹಿಂಜಿ ಗಾದಿ ತುಂಬುವವ. ಗಾದಿಯ ಹೊಲಿಗೆ ಇವಳದು. ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ದಮ್ಮು ಬರುತ್ತಿತ್ತು. ಕಾಯಿಲೆ ಮೈಟ್ರಲ್ ಸ್ಟೆನೋಸಿಸ್. ಚಿಕ್ಕಂದಿನ ಕೀಲುಜ್ವರ ಹೃದಯದೊಳಗಿನ ಒಂದು ಬಾಗಿಲನ್ನು, ಅಂದರೆ ವಾಲ್ವನ್ನು, ಅಂಟಿಸಿ ಕಿರಿದು ಮಾಡಿಬಿಡುತ್ತದೆ. ಸರ್ಜನ್ ಹೃದಯದೊಳಗೆ ಬೆರಳು ತೂರಿಸಿ ಆ ಬಾಗಿಲನ್ನು ಬಿಡಿಸುತ್ತಿದ್ದ ಕಾಲ ಅದು. ಸರ್ಜರಿಯವರು ಬರುವ ಮಂಗಳವಾರಕ್ಕೆ ದಿನ ಕೊಟ್ಟರು.

ಆದರೆ ಅದರ ಮುಂದಿನ ವಾರ ಫೈನಲ್ ಪರೀಕ್ಷೆ ಇತ್ತು. ಪರೀಕ್ಷೆಗೆ ಕೇಸುಗಳನ್ನು ಕೂಡಿಡುವುದು ರಿಜಿಸ್ಟ್ರಾರನ ಪವಿತ್ರ ಕರ್ತವ್ಯ. ಮದುವೆಗೆ ಸಾಮಾನು ಪಟ್ಟಿ ಬರೆದಂತೆ ಬರೆಯುತ್ತಿದ್ದೆವು: ಊದಿದ ಗುಲ್ಮ ಎರಡು, ಲಿವರ್ ಒಂದು, ಪಾರ್ಶ್ವವಾಯು ಒಂದು, ಒಳ್ಳೆಯ ಮೈಟ್ರಲ್ ಒಂದು. ಕಿರಿದಾದ ವಾಲ್ವಿನಲ್ಲಿ ರಕ್ತ ನುಗ್ಗುವಾಗ ಗುಡುಗಿನಂಥ ಒಂದು ಸದ್ದು ಕೇಳುತ್ತದೆ, ಅದು ಮರ್ಮರ್. ಚೀಫ್ ಹುಸೇನಬಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಕಚೇರಿಯಲ್ಲಿ ಆಲಾಪ ಕೇಳುವವರ ಹಾಗೆ ಕಣ್ಣು ಮುಚ್ಚಿದರು.

"ಇತಕಾ ಸುಂದರ್ ಮರ್ಮರ್!" ಎಂದರು ಮರಾಠಿಯಲ್ಲಿ, ಇಷ್ಟು ಸುಂದರ ಮರ್ಮರ್ ಎಂದು. "ಮಂಗಳವಾರ ಇದನ್ನು ಕಳೆದುಬಿಡುತ್ತೀರಾ? ಪರೀಕ್ಷೆ ಮುಗಿಯಲಿ."

"ಸರ್, ಸರ್ಜರಿಗೆ ಏನು ಕಾರಣ ಕೊಡಲಿ?"

"ಜ್ವರ ಅಂತ ಬರಿ."

ನಾನು ಬರೆದೆ. ಕೇಸ್ ಪೇಪರಿನಲ್ಲಿ, ನನ್ನ ಕೈಬರಹದಲ್ಲಿ, ಜ್ವರದ ಕಾರಣ ಆಪರೇಷನ್ ಮುಂದೂಡಲಾಗಿದೆ ಎಂದು. ಬೇರೆ ಯಾವ ರೋಗಕ್ಕೂ ಅಷ್ಟು ಬೇಗ ಡಯಾಗ್ನೋಸಿಸ್ ಮಾಡಿದ ನೆನಪಿಲ್ಲ. ಯೂನಿಟ್ಟಿನಲ್ಲಿ ಕನ್ನಡ ಬಲ್ಲ ಡಾಕ್ಟರು ನಾನೊಬ್ಬನೇ. ಆದ್ದರಿಂದ ಅವಳಿಗೆ ಹೇಳುವ ಕೆಲಸವೂ ನನ್ನದೇ ಆಯಿತು.

"ರಕ್ತ ತಪಾಸಣಿ ಇನ್ನೂ ಸ್ವಲ್ಪ ಬಾಕಿ ಅದವ್ವಾ. ಹದಿನೈದು ದಿನ ತಡೀಬೇಕು," ಎಂದೆ.

"ಹಂಗಾರ ತಡ್ಯೂಣ್ರೀ ಸಾಹೇಬ್ರ," ಎಂದಳು. "ಬ್ಯಾರೇದವ್ರು ಹೇಳಿದ್ರ ಸಂಶೆ ಬರ್ತಿತ್ತು. ನೀವು ನಮ್ಮ ಕಡೆಯವ್ರು, ಸುಳ್ಳ್ಯಾಕ ಹೇಳ್ತೀರಿ?"

ಪರೀಕ್ಷೆಯ ಬೆಳಿಗ್ಗೆ ಹದಿನಾಲ್ಕು ವಿದ್ಯಾರ್ಥಿಗಳು ಅವಳ ಎದೆಗೆ ಕಿವಿಗೊಟ್ಟರು. ಶ್ರಮವಾದರೆ ಮರ್ಮರ್ ಜೋರಾಗುತ್ತದೆ; ಹೀಗಾಗಿ ಪ್ರತಿಯೊಬ್ಬರೂ ಅವಳನ್ನು ಹತ್ತು ಸಲ ಎಬ್ಬಿಸಿ ಕೂಡಿಸಿ, ಎಡಮಗ್ಗುಲಿಗೆ ಹೊರಳಿಸಿದರು. ದಮ್ಮು ತಡೆಯದವಳಿಗೆ ನೂರ ನಲವತ್ತು ಬಸ್ಕಿ. "ಏಳವ್ವಾ, ಇನ್ನೊಮ್ಮೆ," ಎಂದು ಕನ್ನಡದಲ್ಲಿ ಹುರಿದುಂಬಿಸುತ್ತಿದ್ದವನು ನಾನು.

ನಡುವೆ ಅವಳು ಕೇಳಿದಳು: "ಎಲ್ಲಾರೂ ಒಂದ ಜಾಗಾಕ್ಕ ಕಿವಿ ಹಚ್ತಾರಲ್ರೀ, ಒಬ್ಬರಿಗೂ ತಿಳೀವಲ್ದೇನ್ರೀ?" ಆಮೇಲೆ ತಾನೇ ಸಮಾಧಾನ ಹೇಳಿದಳು: "ಕಲೀಲಿ ಬಿಡ್ರಿ, ಸಾಲೀ ಹುಡುಗ್ರು."

ಹನ್ನೊಂದನೆಯವನ ಹೊತ್ತಿಗೆ ನಾಡಿ ತಾಳ ತಪ್ಪಿತ್ತು. ಪರೀಕ್ಷಕರು, ಚೀಫ್ ಕೂಡ ಅವರಲ್ಲೊಬ್ಬರು, ಅದನ್ನು ಗಮನಿಸಿದರು, ಮುಂದಿನ ವಿದ್ಯಾರ್ಥಿಗೆ ಅದರ ಮೇಲೂ ಒಂದು ಪ್ರಶ್ನೆ ಕೇಳಿದರು. ಹದಿನಾಲ್ಕನೆಯವನು ಮುಗಿಸುತ್ತಲೇ ವಾರ್ಡಿನ ಸಿಸ್ಟರ್ ಲೀನಾ ಬಂದು ಮಂಚದ ಸುತ್ತ ಪರದೆ ಎಳೆದರು. ಮಂಗಳೂರಿನವರು, ಸಣ್ಣ ದನಿಯ ಹೆಂಗಸು. "ಇನ್ನು ಸಾಕು ಡಾಕ್ಟ್ರೇ. ಇವಳೇನು ಹಾರ್ಮೋನಿಯಮ್ಮಾ?" ಎಂದರು.

ತಾಳ ತಪ್ಪಿದ ಹೃದಯದೊಳಗೆ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಮೂರನೆಯ ದಿನ ಅಂಥದೊಂದು ಹೆಪ್ಪು ಮೆದುಳಿಗೆ ಹೋಯಿತು. ಬಲಗೈ, ಬಲಗಾಲು ಬಿದ್ದವು. ಚೀಫ್ ರೌಂಡಿಗೆ ಬಂದವರು ಅವಳನ್ನು ತೋರಿಸಿ ವಿದ್ಯಾರ್ಥಿಗಳಿಗೆ ಎಂಬಾಲಿಸಂ ಬಗ್ಗೆ ಬಹಳ ಸೊಗಸಾದ ಪಾಠ ಮಾಡಿದರು.

ಇಮಾಮಸಾಬ ಸರ್ಜರಿ ವಾರ್ಡಿಗೆ ಹೋಗಿ, ಮಂಗಳವಾರದ ಆಪರೇಷನ್ ಯಾಕೆ ತಪ್ಪಿತೆಂದು ಕೇಳಿದ. ಅಲ್ಲಿಂದ ನೇರ ನನ್ನ ಬಳಿ ಬಂದ. ಗಡ್ಡದಲ್ಲಿ ಇನ್ನೂ ಅರಳೆಯ ಎಳೆಗಳಿದ್ದವು.

"ಆಕಿಗಿ ಜ್ವರ ಬಂದಿತ್ತು ಅಂತ ಬರದೀರಂತಲ್ರೀ? ನಾ ದಿನಾ ಸಂಜೀಕ ಬಂದು ಹಣಿ ಮುಟ್ಟಿ ನೋಡೀನ್ರಿ. ನನ್ನ ಕೈ ಸುಳ್ಳೋ, ನಿಮ್ಮ ಕಾಗದ ಸುಳ್ಳೋ?"

ಅವನು ಚಾಳಿನ ಹಿರಿಯರೊಬ್ಬರಿಂದ ಅರ್ಜಿ ಬರೆಸಿ ಡೀನ್ ಅವರಿಗೆ ಕೊಟ್ಟ.

ಮೂವರು ಪ್ರೊಫೆಸರರ ಸಮಿತಿ ಕೂತಿತು. ಎದುರಿಗೆ ಚೀಫ್, ಸಿಸ್ಟರ್ ಲೀನಾ, ನಾನು. ಟೇಬಲ್ಲಿನ ಮೇಲೆ ನನ್ನ ಜ್ವರದ ಟಿಪ್ಪಣಿ. ಪಕ್ಕದಲ್ಲೇ ಸಿಸ್ಟರ್ ಲೀನಾ ದಿನಕ್ಕೆ ನಾಲ್ಕು ಸಲ ಗುರುತು ಹಾಕಿದ ಟೆಂಪರೇಚರ್ ಚಾರ್ಟು. ಅದರ ಗೆರೆ ಒಮ್ಮೆಯೂ ಏರಿರಲಿಲ್ಲ. ಸಮಿತಿಯ ಹಿರಿಯರು ಕನ್ನಡಕ ಒರೆಸಿಕೊಂಡು, ಕೆಲಸದ ಗಡಿಬಿಡಿಯಲ್ಲಿ ಸಿಸ್ಟರು ಒಂದೆರಡು ಗುರುತು ಹಾಕಲು ಮರೆತಿರಬಹುದಲ್ಲವೇ, ಈಗ ಸರಿಪಡಿಸಬಹುದಲ್ಲವೇ ಎಂದು ಬಹಳ ಮೃದುವಾಗಿ ವಿಚಾರಿಸಿದರು.

ಸಿಸ್ಟರ್ ನನ್ನತ್ತ ತಿರುಗಿ ಕನ್ನಡದಲ್ಲಿ ಹೇಳಿದರು: "ನಾನು ಬರೆಯುವುದಿಲ್ಲ ಡಾಕ್ಟ್ರೇ. ಜ್ವರ ಬಂದದ್ದು ನಿಮ್ಮ ಪೆನ್ನಿಗೆ. ಮದ್ದು ನೀವೇ ಹುಡುಕಿ."

ನಾನು ಎದ್ದು ನಿಂತು ಹೇಳಿದೆ: ಜ್ವರ ಇರಲಿಲ್ಲ, ಪರೀಕ್ಷೆಗಾಗಿ ಅವಳನ್ನು ಇಟ್ಟುಕೊಂಡೆವು, ಚೀಫ್ ಹೇಳಿದರು, ನಾನು ಬರೆದೆ. ಚೀಫ್ ಗಡಿಯಾರ ನೋಡಿಕೊಂಡರು, ಕ್ಲಿನಿಕ್ಕಿಗೆ ಹೊತ್ತಾಗಿತ್ತು.

ದಾಖಲೆಗಳಲ್ಲಿ ಅಲ್ಪ ವ್ಯತ್ಯಾಸ ಕಂಡುಬಂದಿದೆ ಎಂದು ಸಮಿತಿ ತೀರ್ಮಾನಿಸಿತು. ವ್ಯತ್ಯಾಸಕ್ಕೆ ಕಾರಣರಾದ ಸಿಸ್ಟರನ್ನು ಓಪಿಡಿಗೆ ವರ್ಗ ಮಾಡಿತು, ನನ್ನ ಅವಧಿಯನ್ನು ಮುಂದುವರಿಸಲಿಲ್ಲ. ಚೀಫ್ ಮರುವರ್ಷವೂ ಪರೀಕ್ಷಕರಾದರು.

ಆಮೇಲೆ ಮೂವತ್ತು ವರ್ಷ ಆಂಟಾಪ್ ಹಿಲ್‌ನಲ್ಲಿ ಸಣ್ಣ ದವಾಖಾನೆ ನಡೆಸಿದೆ. ರೋಗಿಗೆ ತಿಳಿಯದ ಭಾಷೆಯಲ್ಲಿ ಸುಳ್ಳು ಹೇಳಿದರೆ ಅವಳು ಅನುಮಾನಿಸಿ ಇನ್ನೊಬ್ಬರನ್ನಾದರೂ ಕೇಳುತ್ತಾಳೆ. ಅವಳದೇ ಮಾತಿನಲ್ಲಿ ಹೇಳಿದರೆ ಆ ದಾರಿಯೂ ಮುಚ್ಚುತ್ತದೆ. ಭಾಷಾಭೇದವಿಲ್ಲದ ಸೇವೆಯಲ್ಲಿ ನನ್ನ ಪಾಲು ಇಷ್ಟು. ಚೀಫ್ ಮೇಲಿನ ಸಿಟ್ಟು ವಯಸ್ಸಾದಂತೆ ಇಳಿಯುತ್ತದೆಂದು ಹೇಳಿದವರಿದ್ದರು. ಇಳಿದಿಲ್ಲ, ನನ್ನ ಮೇಲಿನದೂ ಇಳಿದಿಲ್ಲ.

ಹುಸೇನಬಿಗೆ ಎರಡು ತಿಂಗಳ ನಂತರ ಆಪರೇಷನ್ ಆಯಿತು. ವಾಲ್ವು ಚೆನ್ನಾಗಿ ಬಿಟ್ಟುಕೊಂಡಿತು. ಬಲಗೈ ಬರಲಿಲ್ಲ.