ಮಾಸ್ಕ್ ಓಮನ ಚೇಚಿಗೆ ಮಾತ್ರ

ಗೆಳೆಯರೇ, ಇವತ್ತು ತಿರುವನಂತಪುರದ ನಮ್ಮ ಐಟಿ ಆಫೀಸಿನಲ್ಲಿ ಹಂದಿಜ್ವರದ ಹೆಸರು ಹೇಳಿ ಒಬ್ಬರ ಬಾಯಿ ಮುಚ್ಚಿಸಲು ನೋಡಿದರು. ನಿನ್ನೆಯಷ್ಟೇ ಸಿಂಗಪುರದಿಂದ ಬಂದಿಳಿದ ಮ್ಯಾನೇಜರ್ ಬೆಳಿಗ್ಗೆಯಿಂದ ಕೆಮ್ಮುತ್ತಿದ್ದ. ಕಿಟಕಿ ತೆರೆಯದ ಏಸಿ ಆಫೀಸು. ಅವನ ಕೆಮ್ಮಿನಲ್ಲಿ ನಮಗೆಲ್ಲ ಸಮಪಾಲು. ಕಸ ಗುಡಿಸುವ ಓಮನ, ನಮಗೆಲ್ಲ ಚೇಚಿ, ಅಂದರೆ ಅಕ್ಕ, ಅವನ ಕೋಣೆಯ ಬಾಗಿಲಿಗೆ ಹೋದರು. ಮಾಸ್ಕೊಂದನ್ನು ಅವರತ್ತ ಎಸೆದು, "ಹಂದಿಜ್ವರ ಹಬ್ಬಿದೆ, ಇದನ್ನು ಕಟ್ಟಿಕೊಂಡು ಒಳಗೆ ಬಾ" ಅಂದ. ಅವನ ಬಾಯಿಗೆ ಏನೂ ಇರಲಿಲ್ಲ.

"ಕೆಮ್ಮು ನಿಮಗಲ್ಲವಾ ಸಾರೇ?" ಅಂದರು ಚೇಚಿ. "ಉಸಿರು ತಾಗಿದರೆ ಮೈಲಿಗೆ ಅಂತ ನನ್ನಜ್ಜಿ ಜಮೀನ್ದಾರನ ಮುಂದೆ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡೇ ಮಾತಾಡ್ತಿದ್ದಳು. ನಾನು ಮುಚ್ಚಲ್ಲ."

"ಇದು ಆರೋಗ್ಯದ ವಿಷಯ. ಜಾತಿ ತರಬೇಡ!"

ನಾನು ಎದ್ದು ನಿಂತೆ. "ಜಾತಿಯನ್ನೂ ಕೆಮ್ಮನ್ನೂ ತಂದವರು ನೀವೇ ಅಲ್ವಾ ಸಾರ್?" ಉಳಿದವರೆಲ್ಲ ಕಂಪ್ಯೂಟರಿನೊಳಗೆ ಮುಖ ಹುದುಗಿಸಿದರು.

ಮಧ್ಯಾಹ್ನವೇ ಶುಚಿ ಕೆಲಸದ ಗುತ್ತಿಗೆದಾರ ಬಂದು ಚೇಚಿಯನ್ನು ನೆಲಮಾಳಿಗೆಯ ಪಾರ್ಕಿಂಗ್ ಗುಡಿಸಲು ಅಟ್ಟಿದ. ಅಲ್ಲಿ ಇಡೀ ದಿನ ಕಾರುಗಳ ಹೊಗೆ. ಈಗಲಾದರೂ ಅವರಿಗೊಂದು ಮಾಸ್ಕ್ ಕೊಡಿ ಎಂದು ಮ್ಯಾನೇಜರನನ್ನು ಕೇಳಿದೆ.

ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು: "ಪಾರ್ಕಿಂಗಿನಲ್ಲಿ ಯಾಕೆ? ಅಲ್ಲಿ ಯಾರೂ ಇರೋದಿಲ್ಲವಲ್ಲ!"